ನದಿಯಾಚೆಯ ಡಾಕ್ಟರು ಕೊಟ್ಟರಂತೆ

ಕೋಳಿ ಡಾಕ್ಟರಮ್ಮ ಎಂದೇ ಊರಿಗೆಲ್ಲ ಪರಿಚಿತಳಾದ ಆಕೆಗೆ ಯಾರ ಮಾತನ್ನೂ ಸುಮ್ಮನೆ ನಂಬಿ ಅಭ್ಯಾಸವಿರಲಿಲ್ಲ. ಗಂಡ ಬೀಗ ಹಾಕಿ ಜಗ್ಗಿ ನೋಡಿದ ಮೇಲೂ ತಾನೊಮ್ಮೆ ಜಗ್ಗಿಯೇ ಬೀದಿಗಿಳಿಯುವಳು. ‘ನಮ್ಮ ಸೊಸೆ ಗಡಿಯಾರ ನೋಡಿ, ಸರಿ ಇದೆಯಾ ಅಂತ ಸೂರ್ಯನನ್ನೂ ಕೇಳ್ತಾಳೆ’ ಎಂದು ಅತ್ತೆ ಪಕ್ಕದ ಮನೆಯವರ ಮುಂದೆ ನಗೆಯಾಡುತ್ತಿದ್ದರು. ಕೆಲಸದಲ್ಲಿ ಮಾತ್ರ ಆ ಗುಣವೇ ಆಕೆಯ ಕೈ ಹಿಡಿದಿತ್ತು. ಸತ್ತ ಕೋಳಿಯನ್ನು ಕೊಯ್ದು ನೋಡದೆ ಇಂಥದೇ ರೋಗವೆಂದು ಬಾಯಿಬಿಟ್ಟವಳಲ್ಲ.

ಸುತ್ತಲಿನ ಊರುಗಳ ಪಶುವೈದ್ಯರೆಲ್ಲ ಸೇರಿ ಒಂದು ಒಪ್ಪಂದಕ್ಕೆ ಬಂದರು. ಬೇಕಾದಲ್ಲಿ ಬೇಡವಾದಲ್ಲಿ ಆಂಟಿಬಯೋಟಿಕ್ ಸುರಿದು ಸುರಿದು ರೋಗಾಣುಗಳು ಔಷಧಿಗೆ ಜಗ್ಗದಂತಾಗಿದ್ದವು. ಅದರಿಂದ ಕೋಳಿಗಷ್ಟೇ ಅಲ್ಲ, ಮನುಷ್ಯರಿಗೂ ಕುತ್ತು. ಇನ್ನು ಪರೀಕ್ಷೆಯಿಲ್ಲದೆ ಯಾರೂ ಅದನ್ನು ಬರೆಯಬಾರದು, ಬರೆದರೆ ಕಾರಣವನ್ನು ಫೋನಿನ ಗುಂಪಿನಲ್ಲಿ ತಿಳಿಸಬೇಕು ಎಂದು ಮಾತಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಮಾತ್ರ ಚಪ್ಪಾಳೆ ತಟ್ಟುವವರ ಮುಖಗಳನ್ನೇ ನೋಡುತ್ತ ಕುಳಿತಿದ್ದಳು. ಇವರಲ್ಲಿ ಮೊದಲು ಮಾತು ತಪ್ಪುವವರು ಯಾರು? ಆಕೆಯ ಕಣ್ಣು ನದಿಯಾಚೆಯ ಡಾಕ್ಟರ ಮೇಲೆ ನಿಂತಿತು. ಹಿರಿಯರು, ಮಾತು ಬಲು ಸಿಹಿ. ಸಿಹಿ ಮಾತೆಂದರೆ ಆಕೆಗೆ ಮೊದಲಿಂದಲೂ ಆಗದು.

ಊರ ಹೊರಗಿನ ಫಾರಂನಲ್ಲಿ ಕೋಳಿಗಳಿಗೆ ಗೊರಗೊರ ಉಸಿರು ಶುರುವಾಯಿತು. ಆಂಟಿಬಯೋಟಿಕ್ ಬರೆದುಕೊಡಿ ಎಂದು ಫಾರಂ ಯಜಮಾನ ದುಂಬಾಲು ಬಿದ್ದ. ಆಕೆ ಮಾದರಿ ತೆಗೆದು ಲ್ಯಾಬಿಗೆ ಕಳಿಸಿದಳು. ಶೆಡ್ಡಿನೊಳಗೆ ಕಣ್ಣುರಿಯುವ ಘಾಟು; ಪೈಪು ಸೋರಿ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಪೂರ್ತಿ ಒದ್ದೆ. ಮೊದಲು ಇದನ್ನು ಬದಲಿಸಿ, ಪರದೆ ಎತ್ತಿ ಗಾಳಿಯಾಡಲು ಬಿಡಿ ಎಂದಳು.

‘ನೀವು ಬರೀದಿದ್ರೆ ಬಿಡಿ ಡಾಕ್ಟರಮ್ಮ. ನದಿಯಾಚೆ ಡಾಕ್ಟರು ಆಗಲೇ ಕೊಟ್ಟಾಯ್ತು’ ಎಂದ ಯಜಮಾನ.

ಆಕೆಗೆ ಸಿಟ್ಟಿಗಿಂತ ಹೆಚ್ಚಾಗಿ ಸಮಾಧಾನವೇ ಆಯಿತು. ತನ್ನ ಊಹೆ ಸುಳ್ಳಾಗಲಿಲ್ಲ! ಫೋನಿನ ಗುಂಪು ತೆರೆದು ನೋಡಿದರೆ ಅವರಿಂದ ಚಕಾರವಿಲ್ಲ. ಔಷಧಿ ಅಂಗಡಿಯವನನ್ನು ಕೆದಕಿದಳು. ಅವನಿಗೇನೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಅಷ್ಟು ಬೇಗ ಹೇಳಿದ್ದೇ ಆಕೆಗೆ ಸಾಕ್ಷಿಯಾಗಿ ಕಂಡಿತು. ಅವರಿಗೇ ಫೋನ್ ಮಾಡಿ ಕೇಳು ಎಂದ ಗಂಡ.

‘ಕೇಳಿದ್ರೆ ಹೌದು ಅಂತಾರಾ?’

ಕೊನೆಗೆ ಹೇಳದೆ ಕೇಳದೆ ಸೇತುವೆ ದಾಟಿ ಅವರ ಆಸ್ಪತ್ರೆಗೇ ಹೋದಳು. ಕೈಗವಸು ಬಿಚ್ಚುತ್ತಿದ್ದ ಹಿರಿಯರ ಮುಖದಲ್ಲಿ ಅವತ್ತು ಸಿಹಿಯಿರಲಿಲ್ಲ.

‘ನೀವೇ ಬಂದದ್ದು ಒಳ್ಳೇದಾಯ್ತಮ್ಮ. ಆ ಫಾರಂಗೆ ಔಷಧಿ ಯಾಕೆ ಬರೆದ್ರಿ?’

‘ನಾನಾ? ಬರೆದದ್ದು ನೀವಲ್ವಾ?’

‘ಡಾಕ್ಟರಮ್ಮ ಕೊಟ್ಟಿದ್ದಾರೆ, ನೀವೂ ಕೊಡಿ ಅಂತ ಅವನು ಇಲ್ಲೇ ಬಂದು ಕೂತಿದ್ದ.’

ಇಬ್ಬರೂ ಮುಖ ಮುಖ ನೋಡಿಕೊಂಡರು. ಅನುಮಾನವಿದ್ದರೆ ನೋಡಿ ಎಂದು ಹಿರಿಯರು ಔಷಧಿ ಬೀರು ತೆರೆದಿಟ್ಟರು. ಆಕೆ ಸಂಕೋಚಪಡದೆ ಒಂದೊಂದು ಡಬ್ಬಿಯನ್ನೂ ತಿರುಗಿಸಿ ನೋಡಿದಳು. ಮಾರನೆಯ ದಿನ ಅವರೂ ಬಂದು ಆಕೆಯ ಬೀರು ನೋಡಿದರು.

ಇಬ್ಬರೂ ಒಟ್ಟಿಗೆ ಫಾರಂಗೆ ಹೋದಾಗ ಯಜಮಾನನ ಮುಖ ಸಪ್ಪಗಾಯಿತು. ಯಾರೂ ಕೊಟ್ಟಿರಲಿಲ್ಲ. ‘ಒಬ್ರು ಕೊಟ್ರು ಅಂದ್ರೆ ಇನ್ನೊಬ್ರು ಕೊಡ್ತೀರಿ. ಮೊದಲೆಲ್ಲ ಹಾಗೇ ನಡೀತಿತ್ತಲ್ಲ’ ಎಂದ. ನಿಜವಾದದ್ದರಿಂದ ಆ ಮಾತು ಇಬ್ಬರಿಗೂ ಚುಚ್ಚಿತು. ಲ್ಯಾಬಿನ ಉತ್ತರವೂ ಬಂತು: ಅದು ವೈರಸ್ ಕಾಯಿಲೆ, ಆಂಟಿಬಯೋಟಿಕ್ ಕೊಟ್ಟರೂ ನೀರಲ್ಲಿ ಹೋಮ. ಹೊಟ್ಟು ಬದಲಾಯಿತು, ಶೆಡ್ಡಿಗೆ ಗಾಳಿ ಬಂತು. ಕೆಲವು ಕೋಳಿ ಸತ್ತವು, ಉಳಿದವು ಚೇತರಿಸಿಕೊಂಡವು.

ಇಂಥವರು ಕೊಟ್ಟರಂತೆ ಎಂದು ಕಿವಿಗೆ ಬಿದ್ದರೆ ಕೂಡಲೇ ಅವರನ್ನೇ ಕೇಳಬೇಕು ಎಂಬ ಹೊಸ ನಿಯಮವನ್ನು ಆಕೆಯೇ ಮುಂದಿಟ್ಟಳು. ನಿಯಮ ಊರೂರಿಗೆ ಹಬ್ಬಿತು. ಮನುಷ್ಯರ ವೈದ್ಯರೂ ಔಷಧಿ ಅಂಗಡಿಯವರೂ ಗುಂಪಿಗೆ ಸೇರಿದರು. ಅನುಮಾನವೇನೂ ಆಕೆಯನ್ನು ಬಿಟ್ಟುಹೋಗಲಿಲ್ಲ. ಒಮ್ಮೆ ಹಿರಿಯರು ಬರೆದ ಔಷಧಿಯ ಪ್ರಮಾಣದಲ್ಲಿ ತಪ್ಪು ಹಿಡಿದಳು. ಅವರು ಫೋನ್ ಮಾಡಿ, ಬಹಳ ಉಪಕಾರವಾಯಿತು ಎಂದರು. ಅದನ್ನು ಮನಸ್ಸಿನಿಂದಲೇ ಹೇಳಿದರೋ ಇಲ್ಲವೋ ಎಂದು ಆಕೆ ಆ ವಾರವೆಲ್ಲ ಗಂಡನ ತಲೆ ತಿಂದಳು.