ತಾತ ಬಿಟ್ಟುಕೊಟ್ಟ ರಾಜನ ಪಾರ್ಟು

ಪುಟ್ಟೀ, ಚಿನ್ನೂ,

ಮೊನ್ನೆ ನಂಜನಗೂಡಿನಿಂದ ಬಂದಾಗ, "ತಾತಂಗೆ ನಾವಂದ್ರೆ ಆಗ್ತಿರ್ಲಿಲ್ವಾ ಅಜ್ಜಿ?" ಅಂತ ಕೇಳಿದಿರಿ. ನಾನು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ಎದುರೆದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಊರಿನ ಸ್ಕೂಲಲ್ಲಿ ಕಲಿತ ಅಕ್ಷರವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸೋಸಲೆ ಹತ್ತಿರದ ನಮ್ಮೂರಲ್ಲಿ ಪ್ರತಿ ಬೇಸಿಗೆಯೂ ಒಂದೇ ನಾಟಕ ಆಗುತ್ತಿತ್ತು. ಪಾರ್ಟು ಮಾಡುವವರೆಲ್ಲ ಊರಿನ ಗಂಡಸರೇ. ಹೆಣ್ಣು ಪಾರ್ಟಿಗೆ ಮಾತ್ರ ಮೈಸೂರಿನಿಂದ ಹೆಂಗಸರು ಬರುತ್ತಿದ್ದರು. ಕಥೆ ಏನೆಂದರೆ, ರಾಜಕುಮಾರಿಯೊಬ್ಬಳು ಕಿನ್ನರಲೋಕದ ಹುಡುಗನನ್ನು ಮೆಚ್ಚುತ್ತಾಳೆ. ಕುಲದ ಮಾನ ಹೋಯಿತೆಂದು ರಾಜ ಅವಳನ್ನು ಹೊರಗೆ ಹಾಕುತ್ತಾನೆ. ಕೊನೆಯ ಸೀನಿನಲ್ಲಿ ತಡೆಯಲಾರದೆ ತಾನೇ ಕಿನ್ನರರ ಕಾಡಿಗೆ ಹೋಗಿ ಮಗಳನ್ನು ಕರೆತರುತ್ತಾನೆ. ಆ ರಾಜನ ಪಾರ್ಟು ನಿಮ್ಮ ತಾತನದು. ವರ್ಷ ವರ್ಷವೂ ಅವರೇ. ಹಾಲು ಕರೆಯುವಾಗಲೂ ರಾಜನ ಮಾತೇ ಬಾಯಲ್ಲಿ. ತಿ. ನರಸೀಪುರದ ಸಂತೆಯಲ್ಲಿ ಗುರುತಿನವರು, "ಏನ್ ಮಹಾರಾಜ್ರೇ, ಮೂಲಂಗಿ ಹೆಂಗ್ ಕೊಟ್ರಿ?" ಅಂತ ರೇಗಿಸುತ್ತಿದ್ದರು. ನಿಮ್ಮ ತಾತನಿಗೂ ಅದು ಇಷ್ಟವೇ.

ನಿಮ್ಮ ಅಮ್ಮ ನರಸೀಪುರಕ್ಕೆ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಅಲ್ಲೇ ನಿಮ್ಮ ಅಪ್ಪನ ಪರಿಚಯವಾಯಿತು. ನಮ್ಮ ಜನ ಅಲ್ಲ. ನಂಜನಗೂಡಿನಲ್ಲಿ ದೇವರ ಮುಂದೆ ತಾಳಿ ಕಟ್ಟಿಸಿಕೊಂಡು, ಅವನ ಜೊತೆ ನಮ್ಮ ಅಂಗಳಕ್ಕೆ ಬಂದು ನಿಂತಳು. ಜಗಲಿ ತುಂಬ ದಾಯಾದಿಗಳು ಕೂತಿದ್ದರು. ಎಲ್ಲರೂ ನಿಮ್ಮ ತಾತನ ಬಾಯಿ ನೋಡುತ್ತಿದ್ದರು. ಅವರಿಗೆ ತಮ್ಮದೆನ್ನುವ ಮಾತು ಸಿಗಲಿಲ್ಲವೋ ಏನೋ. ಎದ್ದು, ನಾಟಕದ ರಾಜನ ಹಾಗೆ ಕೈ ಚಾಚಿ, "ಕುಲಕ್ಕೆ ಕಳಂಕ ತಂದವಳೇ, ಇಂದಿಗೆ ಈ ಅರಮನೆಯ ಬಾಗಿಲು ನಿನಗೆ ಮುಚ್ಚಿತು" ಎಂದುಬಿಟ್ಟರು.

ನಾಡಹೆಂಚಿನ ಮನೆ ನಮ್ಮದು. ಯಾರೋ ಕಿಸಕ್ಕೆಂದರು. ನಿಮ್ಮ ಅಮ್ಮನ ಮುಖದಲ್ಲೂ ಒಂದು ಗಳಿಗೆ ನಗು ಬಂತು. ಚಿಕ್ಕವಳಿದ್ದಾಗ ರಾಜಕುಮಾರಿಯ ಮಾತು ತಾನು ಹೇಳುತ್ತಾ ಅಪ್ಪನಿಗೆ ಅಭ್ಯಾಸ ಮಾಡಿಸುತ್ತಿದ್ದವಳೇ ಅವಳು. ತಮಾಷೆ ಎಂದುಕೊಂಡಳು. ಅವರು ಒಳಗೆ ಹೋಗಿ ಚಿಲಕ ಹಾಕಿದ ಮೇಲೆ ಗೊತ್ತಾಯಿತು.

ಮುಂದಿನ ಬೇಸಿಗೆ ಪ್ರಾಕ್ಟೀಸು ನಮ್ಮ ಜಗಲಿಯಲ್ಲೇ, ಮಧ್ಯಾಹ್ನದ ಹೊತ್ತು. ಮೈಸೂರಿನಾಕೆ ಸೆರಗು ಸಿಕ್ಕಿಸಿಕೊಂಡು ಅವರ ಕಾಲು ಹಿಡಿದಳು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಟ್ಟರು. ಮಾತಿಲ್ಲ. ಮತ್ತೆ ಕೊಟ್ಟರು.

"ನೋಡ್ರಲಾ, ರಾಜಂಗೇ ಮಾತು ಮರ್ತೋಯ್ತು!" ನನ್ನ ಮೈದುನ ನಕ್ಕ.

"'ಕುಲಕ್ಕೆ ಕಳಂಕ' ಅನ್ನಿ ಯಜಮಾನ್ರೇ," ಮೇಷ್ಟ್ರು ಎತ್ತಿಕೊಟ್ಟರು.

ನಿಮ್ಮ ತಾತ ಆಕೆಯ ಕೈಯಿಂದ ಮೆಲ್ಲಗೆ ಕಾಲು ಬಿಡಿಸಿಕೊಂಡರು. "ಏಳವ್ವ, ನೆಲ ಕಾದದೆ" ಅಂದರು. ಆಮೇಲೆ ತಮ್ಮನ ಕಡೆ ತಿರುಗಿ, "ಈ ಪಾರ್ಟು ನೀನೇ ಮಾಡ್ಲಾ. ನನ್ ಕೈಲಾಗಕಿಲ್ಲ" ಎಂದು ಗದ್ದೆ ಕಡೆ ಹೊರಟುಹೋದರು. ಮತ್ತೆಂದೂ ಬಣ್ಣ ಹಚ್ಚಲಿಲ್ಲ.

ಒಂದು ದಿನ ಊಟಕ್ಕೆ ಬಡಿಸುತ್ತಾ ಧೈರ್ಯ ಮಾಡಿ ಕೇಳಿದೆ: "ಕೊನೇ ಸೀನಲ್ಲಿ ರಾಜ ಓಗಿ ಕರ್ಕೊಂಡ್ ಬತ್ತಾನಲ್ಲ, ನೀವೂ ಒಂದ್ಸಲ ಓಗಿ ಬನ್ನಿ."

"ಆ ರಾಜಂಗೆ ಮದ್ವೆಗಿರೋ ಇನ್ನೊಬ್ಳು ಮಗ್ಳಿದ್ಲೇನೇ?"

ಕಲಸಿದ ಅನ್ನ ಅವರ ಕೈಯಲ್ಲೇ ಉಳಿಯಿತು. ನಿಮ್ಮ ಚಿಕ್ಕಮ್ಮನಿಗೆ ಆಗ ಗಂಡು ನೋಡುತ್ತಿದ್ದೆವು. ನಾನು ಮತ್ತೆ ಕೇಳಲಿಲ್ಲ.

ಅವಳ ಮದುವೆಯೂ ಆಯಿತು. ಇನ್ನಾದರೂ ನಂಜನಗೂಡಿನ ಬಸ್ಸು ಹತ್ತುತ್ತಾರೆ ಎಂದು ಕಾದೆ. ವರ್ಷಗಳು ಹೋಗಿದ್ದವು, ಯಾವ ಮುಖ ಹೊತ್ತು ಹೋಗಬೇಕೋ ಅವರಿಗೂ ತಿಳಿಯಲಿಲ್ಲವೇನೋ. ಒಂದು ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ನಿಮ್ಮಿಬ್ಬರನ್ನೂ ಕರೆದುಕೊಂಡು ನಿಮ್ಮ ಅಮ್ಮ ಬಂದಳು. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಅವರನ್ನು ಕೂರಿಸಿದ್ದರು. ಪುಟ್ಟಿ, ನೀನು ಅಮ್ಮನ ಸೆರಗು ಜಗ್ಗಿ, "ಈ ತಾತ ಯಾಕಮ್ಮ ಮಾತಾಡ್ತಿಲ್ಲ?" ಅಂದೆ. ನೀವು ಅವರನ್ನು ನೋಡಿದ್ದು ಅದೊಂದೇ ಸಲ.

ಪ್ರಾಕ್ಟೀಸಿನ ದಿನದ ವಿಷಯ ನಿಮ್ಮ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಅವರು ಕರೆಯಲಿಲ್ಲ ಎಂಬುದು ನಿಜ. ಆ ಮಾತನ್ನು ಇನ್ನೊಬ್ಬರ ಮಗಳಿಗೂ ಹೇಳಲಾರದೆ ಹೋದರು ಎಂಬುದೂ ನಿಜ. ಎರಡನ್ನೂ ಬರೆದಿದ್ದೇನೆ. ಈ ಹಾಳೆಗಳನ್ನು ನೀರು, ಇಲಿ ತಾಗದ ಕಡೆ ಇಟ್ಟಿರಿ. ನಿಮ್ಮ ಅಮ್ಮ ತಾನಾಗಿ ಅಪ್ಪನ ಮಾತೆತ್ತಿದ ದಿನ ಅವಳ ಕೈಗೆ ಕೊಡಿ.