ಬಳಸು ದಾರಿಯಲ್ಲಿ ಕಾಗವಾಡದ ಕಿಲ್ಲೆಗೆ

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಚಿಕ್ಕೋಡಿ ದಾಟಿ ರಾಯಬಾಗದ ಕಡೆ ಹೊರಟಿದ್ದಾಗ, ನನ್ನ ಸ್ಕೂಟಿಯ ಹಿಂದಿನ ಸೀಟು ಖಾಲಿಯಾಯಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಅದಕ್ಕೆ ಅರ್ಧ ನಿಮಿಷ ಮೊದಲು ಹಿಂದೆ ಕೂತಿದ್ದ ರೇಖಾ, "ಟೈಮ್ ಎಷ್ಟಾತು?" ಎಂದು ಕೇಳಿದ್ದಳು.

ರೇಖಾ ನನ್ನ ಸೋದರಮಾವನ ಮಗಳು, ನನಗಿಂತ ಎರಡು ವರ್ಷ ಚಿಕ್ಕವಳು. ನಾನು ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ದೀಪಾವಳಿಗೆ ಕಾಗವಾಡದ ನನ್ನ ಸುನಂದಾ ಅಕ್ಕನ ಮನೆಗೆ ಇಬ್ಬರೂ ಹೊರಟಿದ್ದೆವು. ಬೇಡಕಿಹಾಳದ ಮೇಲೆ ಹೋಗಿದ್ದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುತ್ತಿದ್ದೆವು. ಆದರೆ ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಿತ್ತು, ಕಬ್ಬಿನ ತುದಿಗಳಲ್ಲಿ ಬಿಳಿ ತುರಾಯಿ ಮೂಡಿತ್ತು, ರಸ್ತೆಯ ಬದಿಗೆ ಸೋಯಾಬೀನ್ ರಾಶಿ ಒಣಗುತ್ತಿತ್ತು. ಇಂಥ ದಿನ ಹತ್ತಿರದ ದಾರಿ ಹಿಡಿಯುವುದು ಪೆದ್ದುತನ ಅನ್ನಿಸಿತು. ಮುನ್ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ ಚಿಕ್ಕೋಡಿ, ರಾಯಬಾಗ, ಕುಡಚಿ, ಅಥಣಿ ಎಂದು ಬಳಸಿಕೊಂಡು ಹೋಗುವುದೆಂದು ತೀರ್ಮಾನಿಸಿದೆವು.

ಮುಂದೆ ಎರಡು ಟ್ರಾಲಿ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರು ರಸ್ತೆಯುಬ್ಬಿನಲ್ಲಿ ನಿಧಾನವಾಯಿತು. ಹೋಗುವ ಟ್ರಾಲಿಯಿಂದ ಕಬ್ಬು ಹಿರಿಯುವುದು ನಮ್ಮ ಕಡೆ ಸಾಲಿ ಮಕ್ಕಳ ಹಕ್ಕು. ನಾವೂ ಎಷ್ಟು ಹಿರಿದಿದ್ದೇವೋ.

"ಹಿರಿಯಲೇನ?" ಎಂದಳು ರೇಖಾ.

"ಈಗೆಲ್ಲಿ ಆಗತೈತಿ ಬಿಡ, ದೊಡ್ಡಾಕಿ ಆದಿ ನೀ," ಎಂದು ನಾನೇ ಕೆಣಕಿ, ಗಾಡಿಯನ್ನು ಹಿಂದಿನ ಟ್ರಾಲಿಯ ಪಕ್ಕಕ್ಕೆ ತಂದೆ.

ಅವಳು ಕೈ ಹಾಕಿದಳು. ಕಬ್ಬು ಬಿಗಿಯಾಗಿ ಕಟ್ಟಿತ್ತು, ಬರಲಿಲ್ಲ. ಅವಳೂ ಬಿಡಲಿಲ್ಲ. ಚಿಕ್ಕವರಿದ್ದಾಗ ನಾವು ಟ್ರಾಲಿಯ ಹಿಂದೆ ಕಾಲಿನಿಂದ ಓಡುತ್ತಿದ್ದೆವು. ಕಬ್ಬು ಬರದಿದ್ದರೆ ನಿಂತುಬಿಡುತ್ತಿದ್ದೆವು. ಗಾಡಿಯ ಮೇಲೆ ಕೂತವರಿಗೆ ಹಾಗೆ ನಿಲ್ಲಲು ಬರುವುದಿಲ್ಲ ಎಂಬುದು ಇಬ್ಬರು ಪದವೀಧರರಿಗೂ ಹೊಳೆಯಲಿಲ್ಲ. ಸ್ಕೂಟಿ ಮುಂದೆ ಹೋಯಿತು, ರೇಖಾ ರಸ್ತೆಗೆ ಬಿದ್ದಳು. ತಿರುಗಿ ನೋಡಿದಾಗ ಟ್ರಾಲಿಯ ಗಾಲಿ ಅವಳ ಜಡೆಯಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು.

ಕನ್ನಡಿಯಲ್ಲಿ ನೋಡಿ ಬ್ರೇಕ್ ಒತ್ತಿದ್ದ ಡ್ರೈವರು ಓಡಿ ಬಂದ. ತಲೆಗೂದಲು ನರೆತವನು. "ಏ ತಂಗಿ, ಬೇಕಾದ್ರ ಕೇಳಬಾರದೇನ? ನಿಲ್ಲಿಸಿ ಕೊಡ್ತಿದ್ನಿಲ್ಲ! ಸಾಲಿ ಗೀಲಿ ಕಲ್ತೀರೋ ಇಲ್ಲೋ?"

ರೇಖಾ ಕೂತಲ್ಲಿಂದಲೇ, "ಕಲ್ತೇವ್ರಿ ಮಾಮಾ. ಈಕಿ ಎಮ್ಮೆಸ್ಸಿ ಆಗ್ಯಾಳ," ಎಂದಳು.

ಆತ ನಗಬೇಕೋ ಬೈಯಬೇಕೋ ತಿಳಿಯದೆ ಎರಡು ಕಬ್ಬು ಹಿರಿದು ನನ್ನ ಕೈಗೆ ಕೊಟ್ಟ.

ರಾಯಬಾಗದಲ್ಲಿ ಮೊಣಕೈಗೆ ಪಟ್ಟಿ, ಒಂದು ಇಂಜೆಕ್ಷನ್. ರೇಖಾಳಿಗೆ ಅಲ್ಲಿಗೆ ಮುಗಿಯಿತು. ನನಗೆ ಅಲ್ಲಿಂದ ಶುರುವಾಯಿತು. ಕುಡಚಿಯ ತನಕ ಒಂದು ಟ್ರ್ಯಾಕ್ಟರನ್ನೂ ದಾಟಲು ಧೈರ್ಯವಾಗಲಿಲ್ಲ. ಎತ್ತಿನ ಗಾಡಿಯೂ ನಮ್ಮನ್ನು ಹಿಂದೆ ಹಾಕಿತು. ಕುಡಚಿಯಲ್ಲಿ ನನ್ನ ಎಂ.ಎಸ್ಸಿ. ಗೆಳತಿ ಶಬಾನಾಳ ಮನೆಯಲ್ಲಿ ಉಳಿದೆವು. ಅವಳ ತಾಯಿ ಒತ್ತಾಯ ಮಾಡಿ ಉಣ್ಣಿಸಿದರು. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಮಾತ್ರ ಆ ಗಾಲಿ, ಈ ಸಲ ನಿಲ್ಲದೆ.

ಶುಕ್ರವಾರ ಕೃಷ್ಣೆಯ ಸೇತುವೆ ದಾಟಿದೆವು. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿತ್ತು. ಅಥಣಿಯ ಸುತ್ತ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಸವರುವ ಚಾಟಣಿ ಮುಗಿದು, ಕತ್ತರಿಸಿದ ಬಳ್ಳಿಗಳಲ್ಲಿ ಉಗುರಿನಷ್ಟು ಚಿಗುರು ಬಂದಿತ್ತು. ರಸ್ತೆ ಬದಿಗೆ ನೂರು ರೂಪಾಯಿಗೆ ಹನ್ನೆರಡು ಸೀತಾಫಲ ಕೊಂಡು ಮೈಲುಗಲ್ಲಿನ ಮೇಲೆ ಕೂತು ತಿಂದೆವು. ರೇಖಾ ಬೀಜಗಳನ್ನು ದೂರ ಉಗುಳುವ ಪಂದ್ಯ ಕಟ್ಟಿದಳು. ನಾನು ಆಡಲಿಲ್ಲ, ಅವಳು ರಸ್ತೆಗೆ ಎಷ್ಟು ಹತ್ತಿರ ಕೂತಿದ್ದಾಳೆ ಎಂದು ಅಳೆಯುತ್ತಿದ್ದೆ. ಮಂಗಸೂಳಿಯಲ್ಲಿ ಮಲ್ಲಯ್ಯನ ಗುಡಿಯ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು ಸಂಜೆ ಕಾಗವಾಡ ಮುಟ್ಟಿದೆವು. ಆ ರಾತ್ರಿಯೂ ನಿದ್ದೆಯಿಲ್ಲ.

ಶನಿವಾರ ಅಕ್ಕನ ಅಂಗಳದಲ್ಲಿ ಕಿಲ್ಲೆಯ ಕೆಲಸ ನಡೆದಿತ್ತು. ಗಡಿ ಭಾಗದ ನಮ್ಮ ಊರುಗಳಲ್ಲಿ ದೀಪಾವಳಿಗೆ ಮಕ್ಕಳು ಮಣ್ಣಿನ ಕಿಲ್ಲೆ ಕಟ್ಟುತ್ತಾರೆ. ಕಲ್ಲು, ಇಟ್ಟಿಗೆ ಪೇರಿಸಿ, ಕೆಸರಲ್ಲಿ ಅದ್ದಿದ ಗೋಣಿತಟ್ಟು ಹೊದಿಸಿ, ಮೇಲೆ ಸಾಸಿವೆ ಚೆಲ್ಲಿದರೆ ನಾಲ್ಕು ದಿನದಲ್ಲಿ ಗುಡ್ಡಕ್ಕೆ ಕಾಡು ಬರುತ್ತದೆ. ಅಕ್ಕನ ಮಗಳು ತನುಜಾ, ಎಂಟು ವರ್ಷದ ಮುಖ್ಯ ಎಂಜಿನಿಯರು, ನನಗೆ ಮಣ್ಣು ಕಲಸುವ ಕೆಲಸ ಕೊಟ್ಟಳು. "ಹಿಂದಿನ ಓಣಿಯಾವ್ರ ಕಿಲ್ಲೆಕ್ಕ ಮೂರು ಬುರುಜ ಅದಾವ ಮೌಶಿ. ನಮಗ ಐದು ಬೇಕ."

ಇಟ್ಟಿಗೆ ತರಲು ರೇಖಾ ಪಟ್ಟಿ ಕಟ್ಟಿದ ಕೈಯಲ್ಲೇ ಹಿತ್ತಲ ಗೋಡೆ ಹತ್ತಿದಳು. "ಇಳಿ ಕೆಳಗ!" ಎಂದು ಕಿರುಚಿದೆ. ತರಗತಿಯಲ್ಲೂ ನಾನು ಹಾಗೆ ಕಿರುಚಿದವಳಲ್ಲ.

"ಮೂರು ದಿನಾ ಆತು, ನನ್ನ ಗಾಜಿನ ಬಳೆ ಹಂಗ ನೋಡಾಕತ್ತಿ," ಎಂದಳು ಅವಳು ಮೇಲಿಂದ. "ಸತ್ತಿಲ್ಲೇ ನಾ!"

ಕೈಯಲ್ಲಿದ್ದ ಕೆಸರಿನ ಮುದ್ದೆಯನ್ನು ಬೀಸಿ ಎಸೆದೆ. ಅದು ಅವಳ ಕೆನ್ನೆಗೆ ಬಡಿಯಿತು. "ಸತ್ತಿದ್ರ? ಸತ್ತಿದ್ರ ಮಾಮಿಗೆ ಏನಂತ ಹೇಳ್ಲಿ? ಕೆಣಕಿದಾಕಿ ನಾನ ಅಲ್ಲೇನ?"

ಎರಡು ದಿನ ಬಾಯಿಗೆ ಬರದ ಮಾತು ಅಂಗಳದ ನಡುವೆ ಬಿದ್ದಿತ್ತು. ರೇಖಾ ಗೋಡೆ ಇಳಿದು ಬಂದು ಕೆನ್ನೆ ಒರೆಸಿಕೊಂಡಳು.

"ನೀ ಅನ್ನದಿದ್ರೂ ನಾ ಹಿರೀತಿದ್ನಿ. ನನ್ನ ಹುಡುಗಾಟಕ್ಕೆಲ್ಲಾ ನೀನ ಗುತ್ತೇದಾರ್ತಿಯೇನ? ನನಗೂ ಆ ಗಾಲಿ ಕಾಣ್ತೈತಿ. ಅದಕ್ಕ ಬಾಯಿ ಮುಚ್ಚದಂಗ ಮಾತಾಡಾಕತ್ತೀನಿ." ಹಾಗೆಂದು, ಕಲಸಿದ ಬಕೆಟ್ಟನ್ನು ಎತ್ತಿ ನನ್ನ ತಲೆಯ ಮೇಲೆ ಸುರಿದಳು.

ಆಮೇಲೆ ನಡೆದದ್ದನ್ನು ನನ್ನ ವಿದ್ಯಾರ್ಥಿಗಳು ನೋಡದಿರಲಿ. ತನುಜಾ ಮಾತ್ರ, "ಏ, ಅದು ಕಿಲ್ಲೆದ ಮಣ್ಣ! ಹಾಳ ಮಾಡಬ್ಯಾಡ್ರಿ!" ಎಂದು ಅಳುವ ಧ್ವನಿಯಲ್ಲಿ ಕೂಗುತ್ತಿದ್ದಳು. ಚಕ್ಕಲಿ ಒತ್ತುವುದನ್ನು ಬಿಟ್ಟು ಬಂದ ಅಕ್ಕ, "ಲಗ್ನಕ್ಕ ಬಂದ ಕತ್ತೆಗೋಳೇನ ಇವು!" ಎನ್ನುವಷ್ಟರಲ್ಲಿ ಅವಳ ಸೀರೆಗೂ ಒಂದು ಮುದ್ದೆ ಬಿತ್ತು. ಹೊಸ ಮಣ್ಣು ತರುವ ಶಿಕ್ಷೆ ನಮ್ಮಿಬ್ಬರಿಗೇ ಬಿತ್ತು. ಇಟ್ಟಿಗೆಗೆ ನಾನೇ ಗೋಡೆ ಹತ್ತಿದೆ. ಇಳಿಯುವ ಬದಲು ಜಿಗಿದೆ. ಎಷ್ಟೋ ವರ್ಷಗಳ ಮೇಲೆ ಅಂಗಾಲಿಗೆ ಆ ಜುಮ್ಮು ಹತ್ತಿತು. ಹೊತ್ತು ಮುಳುಗುವಾಗ ಐದು ಬುರುಜು ನಿಂತಿದ್ದವು, ಕಡೆಯದು ಸ್ವಲ್ಪ ವಾಲಿಕೊಂಡು. ಎರಡು ಹಂಡೆ ಬಿಸಿನೀರು ಖರ್ಚಾಯಿತು.

ಆ ಗಾಲಿ ಈಗಲೂ ಒಮ್ಮೊಮ್ಮೆ ಬರುತ್ತದೆ. ಬಂದರೆ ರೇಖಾಳಿಗೆ ಫೋನ್ ಮಾಡುತ್ತೇನೆ, ಅವಳು ಬೈಯುತ್ತಾಳೆ. ಆದರೆ ಮರುದಿನ, ಭಾನುವಾರ, ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ.

"ಮೌಶಿ, ಐದನೇ ಬುರುಜ ಬಿದ್ದೈತಿ! ಏಳ ಲಗೂನ!" ಎಂದು ತನುಜಾ ಅಂಗಳದಿಂದ ಕೂಗಿದಳು.

"ಬಂದ್ನೆವ್ವಾ," ಎಂದೆ. ಮಗ್ಗುಲಾಗಿ ಮತ್ತೆ ಚಾದರ ಹೊದ್ದುಕೊಂಡೆ.