ಅರ್ಧ ಸಾಕ್ಷಿ

ಮೆಹಬೂಬ, ದಿಲ್ಲಿಯ ಕಚೇರಿಯಲ್ಲಿ ನಿನ್ನ ಹೆಸರು ಹೇಳಿದವನು ನಾನು. ಅದು ಯಾರಿರಬಹುದೆಂದು ನೀನು ಇಷ್ಟು ವರ್ಷ ಕೊರಗಿದೆ — ಕೊರಗಲು ಬಿಟ್ಟವನೂ ನಾನೇ.

ಎಪ್ಪತ್ತರ ದಶಕದ ನಡುವಿನ ಮಾತು. ಬಬಲೇಶ್ವರದ ನಾನು, ಟಿಕೋಟಾದ ನೀನು, ವಿಜಾಪುರದಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರು. ದಿಲ್ಲಿಯಲ್ಲೂ ಎದುರುಬದುರು ಮೇಜು. ಒಂದು ಪರದೇಶದೊಂದಿಗೆ ಬಂಡವಾಳದ ಒಪ್ಪಂದಕ್ಕೆ ಕರಡು ಬರೆಯುವುದು ನಮ್ಮ ಕೆಲಸ. ಅಲ್ಲಿಯ ಕಂಪನಿಗೂ ನಮ್ಮ ಸರಕಾರಕ್ಕೂ ಜಗಳ ಬಂದರೆ ನ್ಯಾಯ ಹೇಳುವವರು ಯಾರು? ಮೊದಲು ನಮ್ಮ ಕೋರ್ಟಿಗೆ ಬರಲಿ, ಎರಡು ವರ್ಷದಲ್ಲಿ ಇತ್ಯರ್ಥವಾಗದಿದ್ದರೆ ಮಾತ್ರ ಹೊರದೇಶದ ಪಂಚರ ಮುಂದೆ ಹೋಗಲಿ ಎಂದು ನೀನು ಬರೆದೆ. ನೇರವಾಗಿ ಪಂಚರ ಬಳಿಗೇ ಹೋಗಲಿ ಎಂದು ನಾನು. ಮೇಲಿನವರು ನಿನ್ನದನ್ನು ಆರಿಸಿದರು. ನಗುತ್ತಲೇ ನಿನ್ನ ಕೈಕುಲುಕಿದೆ. ಅಂದಿನಿಂದ ನಿನ್ನ ಟಪಾಲು, ನೀನು ಮನೆಗೊಯ್ಯುವ ಕಡತ — ಎಲ್ಲದರ ಮೇಲೂ ನನ್ನ ಕಣ್ಣು.

ರಜೆಗೆ ಊರಿಗೆ ಬಂದಾಗ, ಗೋಳಗುಮ್ಮಟದ ಎದುರಿನ ಚಹಾದಂಗಡಿಯಲ್ಲಿ ನೀನೊಬ್ಬ ಬಿಳಿಯನಿಗೆ ಮಡಿಸಿದ ಕಾಗದ ಕೊಡುವುದನ್ನು ಕಂಡೆ. ಏನದು ಎಂದು ಕೇಳಿದೆ.

"ಇಬ್ರಾಹಿಂ ರೋಜಾಕ್ಕ ಹ್ಯಾಂಗ ಹೋಗೂದಂತ ಕೇಳಿದ. ರಸ್ತಾ ಬರದ ಕೊಟ್ಟೆ," ಎಂದು ನೀನು ಹೇಳಿದೆ.

ಎಷ್ಟು ಸಲೀಸಾದ ಉತ್ತರ — ಸಲೀಸಾಗಿದ್ದುದರಿಂದಲೇ ನಾನು ನಂಬಲಿಲ್ಲ.

ತಿಂಗಳ ಮೇಲೆ ಆ ಪರದೇಶದವರ ಕರಡು ಬಂತು. ನಮ್ಮದನ್ನು ಅವರಿಗಿನ್ನೂ ತೋರಿಸಿರಲಿಲ್ಲ. ಆದರೂ ಅದರಲ್ಲಿ ನಿನ್ನ ವಾಕ್ಯದಂಥದೇ ವಾಕ್ಯ: ಮೊದಲು ಸ್ಥಳೀಯ ಕೋರ್ಟು, ಆದರೆ ಮೂರೇ ತಿಂಗಳು. ನಮ್ಮದನ್ನು ನೋಡಿಯೇ ಕತ್ತರಿಸಿದಂತಿತ್ತು. ನಮ್ಮ ಕರಡು ಹೊರಗೆ ಹೋದದ್ದು ಹೇಗೆ ಎಂದು ಹಿರಿಯ ಅಧಿಕಾರಿ ನನ್ನೊಬ್ಬನನ್ನೇ ಕರೆದು ವಿಚಾರಿಸಿದರು. ವಿಜಾಪುರದಲ್ಲಿ ನೀನು ಒಬ್ಬ ಪರದೇಶಿಗೆ ಕಾಗದ ಕೊಟ್ಟದ್ದನ್ನು ಕಂಡೆ ಎಂದೆ. ಅದು ಸುಳ್ಳಲ್ಲ. ಆದರೆ ನೀನು ಕೊಟ್ಟ ಉತ್ತರವನ್ನು — ಹೇಳಲಿಲ್ಲ.

ನಿನ್ನನ್ನು ಯಾರೂ ಕರೆದು ಕೇಳಲಿಲ್ಲ. ಇಬ್ಬರ ಮಾತನ್ನೂ ಕೇಳದೆ ತೀರ್ಪು ಕೂಡದು ಎಂಬ ಸಾಲನ್ನು ಅದೇ ವಾರ ನಾನು ಕರಡಿಗೆ ಸೇರಿಸಿದ್ದೆ! ನಿನ್ನನ್ನು ಮೂಲೆಯ ವಿಭಾಗವೊಂದಕ್ಕೆ ಹಾಕಿದರು. ಅವಮಾನ ತಾಳದೆ ನೀನು ಆರು ತಿಂಗಳಲ್ಲಿ ರಾಜೀನಾಮೆ ಕೊಟ್ಟು ಊರಿಗೆ ಹೊರಟುಹೋದೆ.

ಮರುವರ್ಷ ಗ್ರಂಥಾಲಯದಲ್ಲಿ, ಅದೇ ದೇಶ ಇನ್ನೊಂದು ದೇಶದೊಂದಿಗೆ ಬಹಳ ಹಿಂದೆಯೇ ಮಾಡಿಕೊಂಡ ಒಪ್ಪಂದ ಕೈಗೆ ಸಿಕ್ಕಿತು. ಆ ಮೂರು ತಿಂಗಳ ವಾಕ್ಯ ಅಕ್ಷರಶಃ ಅಲ್ಲಿತ್ತು. ಯಾರೂ ಯಾವ ಗುಟ್ಟನ್ನೂ ಮಾರಿರಲಿಲ್ಲ. ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟೆ. ನಮ್ಮ ಒಪ್ಪಂದಕ್ಕೆ ಕೊನೆಗೂ ಸಹಿ ಬೀಳಲಿಲ್ಲ, ಕಡತ ಕಟ್ಟಿಟ್ಟರು. ಇನ್ನೇನು ಹೇಳಿ ಏನು ಎಂದು ನನಗೆ ನಾನೇ…

ಆ ಬೇಸಿಗೆ ನಾನು ಟಿಕೋಟಾಕ್ಕೆ ಬಂದೆ. ನೀನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಿನ್ನ ಹೆಂಡತಿ ರಾಬಿಯಾ ಚಹಾ ತಂದಿಟ್ಟರು. ಅವರು ಒಳಗೆ ಹೋಗುವುದನ್ನೇ ಕಾದು ನೀನು ಕೇಳಿದೆ:

"ಬಸೂ, ಯಾರ ಹೇಳಿರಬೇಕೋ? ಎಲ್ಲಾರ ಮ್ಯಾಲೂ ಸಂಶೆ ಬರತೈತಿ. ನಿನ್ನೊಬ್ಬನ್ನ ಬಿಟ್ಟು."

"ಯಾರಿಗ್ಗೊತ್ತೋ," ಎಂದೆ ನಾನು.

ಕಚೇರಿಯಲ್ಲಿ ಮುಚ್ಚಿಟ್ಟದ್ದಕ್ಕೆ ಸಂಶಯದ ನೆಪವಾದರೂ ಇತ್ತು. ಈ ಸುಳ್ಳಿಗೆ ಅದೂ ಇಲ್ಲ.

ಈ ಪತ್ರವನ್ನು ಅಂಚೆಗೆ ಹಾಕಿದರೆ ನಿನ್ನ ಮುಖ ನೋಡುವುದು ತಪ್ಪುತ್ತದೆ — ಆ ಯೋಚನೆಯೂ ಬಂದಿತ್ತು. ಬೇಡ. ಶುಕ್ರವಾರ ನಮಾಜು ಮುಗಿಯುವ ಹೊತ್ತಿಗೆ ನಾನೇ ಬರುತ್ತೇನೆ. ರಾಬಿಯಾ ಅವರ ಎದುರಿಗೇ ಇದನ್ನು ಓದುತ್ತೇನೆ. ಆಮೇಲೆ ನೀನು ಏಳು ಎಂದರೆ ಎದ್ದು ಹೋಗುತ್ತೇನೆ.